ಕೈ ಕಟ್ಟು, ಬಾಯಿ ಬಿಡು

ಆ ಬಸ್ಸಿನ ಕಂಡಕ್ಟರನಿಗೆ ರೇಡಿಯೋ ಎಂದು ಹೆಸರಿಟ್ಟವನು ಅದೇ ಬಸ್ಸಿನ ಡ್ರೈವರ್. ಹೆಸರೇನೋ ಸರಿಯಾಗಿಯೇ ಇತ್ತು. ಬೆಳಿಗ್ಗೆ ಡಿಪೋದಲ್ಲಿ ಚೀಲ ಹೆಗಲಿಗೇರಿದರೆ ಬಾಯಿ ಆನ್. ಚೀಲ ಇಳಿಸಿದ ಮೇಲೂ ಆಫ್ ಆಗುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. "ಒಳಗೆ ಹೋಗಿ ಸಾರ್, ಬಾಗಿಲನ್ನ ಬಿಟ್ರೆ ಅದೇನು ಓಡಿಹೋಗಲ್ಲ" ಎಂದು ಒಬ್ಬರಿಗೆ, "ಅಜ್ಜಿ, ನೀವು ಇಳಿಯೋ ತನಕ ಬಸ್ಸು ಕದಲಲ್ಲ, ಡ್ರೈವರ್ ನನ್ನ ಮಾತು ಮೀರಲ್ಲ" ಎಂದು ಇನ್ನೊಬ್ಬರಿಗೆ. ಡ್ರೈವರ್ ಕನ್ನಡಿಯಲ್ಲೇ ಹಲ್ಲು ಕಡಿಯುತ್ತಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅವನ ಬಸ್ಸಿನಲ್ಲಿ ನಿಜವಾಗಿಯೂ ಜಗಳ ಆಗುತ್ತಿರಲಿಲ್ಲ. ಜಗಳ ಆಡುವವರಿಗೆ ನಡುವೆ ಸಂದು ಸಿಗಬೇಕಲ್ಲ.

ಇವತ್ತಿಗೂ ಅವನು ಮೂವರು ಹೆಂಗಸರನ್ನು ನೆನೆದು ಕೈ ಮುಗಿಯುತ್ತಾನೆ. ಅವರಲ್ಲಿ ಒಬ್ಬರ ಜೊತೆ ಅವನು ದೊಡ್ಡ ಜಗಳವನ್ನೇ ಆಡಿದ್ದಾನೆ, ಅದೂ ಒಂದೇ ಒಂದು ಮಾತಾಡದೆ. ರೇಡಿಯೋ ಮಾತಾಡದೆ ಜಗಳ ಆಡಿದ್ದು ಹೇಗೆ ಎಂಬುದೇ ಈ ಕಥೆ.

ಮೊದಲು ಅವನ ಹೆಂಡತಿಯ ವಿಷಯ. ಆ ಮನೆಗೆ ಬರಬೇಕಾದ ಮಾತನ್ನೆಲ್ಲ ಗಂಡನೇ ಖರ್ಚು ಮಾಡಿದ್ದರಿಂದ ಅವಳ ಪಾಲಿಗೆ ಹೆಚ್ಚೇನೂ ಉಳಿದಿರಲಿಲ್ಲ. ಯಾರಾದರೂ ಅವಳನ್ನು "ಚೆನ್ನಾಗಿದ್ದೀಯೇನಮ್ಮ?" ಎಂದರೆ "ಚೆನ್ನಾಗಿದ್ದಾಳೆ" ಎಂದು ಇವನು ಹೇಳಿಬಿಡುತ್ತಿದ್ದ. "ನಿನ್ನ ಹೆಂಡ್ತಿಗೆ ನಾಲಿಗೆ ಇದೆಯೇನೋ?" ಎಂದು ಅವನ ಅಕ್ಕ ಒಮ್ಮೆ ಕೇಳಿಯೇ ಬಿಟ್ಟಳು. "ಇದೆ ಅಕ್ಕ, ಹೊಚ್ಚ ಹೊಸದಾಗೇ ಇದೆ, ಬಳಸಿಲ್ಲ" ಎಂದ. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು.

ಇಂಥವನಿಗೆ ಕಿವಿ ಕೇಳದ ಮಗಳು ಹುಟ್ಟಿದಳು. ಅದು ಗೊತ್ತಾದದ್ದು ಬಸ್ಸಿನ ಸೀಟಿಯಿಂದ. ಮಗು ನೆಲದ ಮೇಲೆ ಕೂತು ಬಟ್ಟಲು ಉರುಳಿಸುತ್ತಿತ್ತು. ಇವನು ಹಿಂದಿನಿಂದ ಬಂದು ತಮಾಷೆಗೆ ಸೀಟಿ ಊದಿದ. ಕಿಟಕಿಯ ಮೇಲಿದ್ದ ಬೆಕ್ಕು ಬಿದ್ದು ಓಡಿತು, ಗೋಡೆಯಾಚೆ ಪಕ್ಕದ ಮನೆಯ ಕೂಸು ಕಿರುಚಿಕೊಂಡಿತು, ಇವಳು ಮಾತ್ರ ಬಟ್ಟಲು ಉರುಳಿಸುತ್ತಲೇ ಇದ್ದಳು. ಇನ್ನೊಮ್ಮೆ ಊದಿದ. ಆಮೇಲೆ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಮಗಳ ಎದುರು ಕೂತ. ಆ ಸಂಜೆ ಅವನು ಯಾರೊಂದಿಗೂ ಮಾತಾಡಲಿಲ್ಲ. ತನ್ನ ಬಳಿ ಇದ್ದದ್ದೆಲ್ಲ ಮಾತೊಂದೇ, ಅದೂ ಈ ಮಗುವಿಗೆ ತಲುಪುವುದಿಲ್ಲ.

ಕಿವುಡ ಮಕ್ಕಳಿಗೆಂದು ಆ ಊರಿಗೆಲ್ಲ ಇದ್ದದ್ದು ಒಂದೇ ಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ದಪ್ಪ ಕನ್ನಡಕ, ನೆಟ್ಟಗಿನ ಬೆನ್ನು, ಬೆಟ್ಟದಷ್ಟು ತಾಳ್ಮೆ. ಅವರು ಮಗುವಿನ ತುಟಿಯ ಮುಂದೆ ತೆಳುವಾದ ಕಾಗದದ ಪಟ್ಟಿ ಹಿಡಿಯುತ್ತಿದ್ದರು. ಪ ಎಂದರೆ ಕಾಗದ ಅಲುಗಬೇಕು. ಮ ಎಂದರೆ ಕಾಗದ ಅಲುಗಬಾರದು, ಮೂಗು ಗುಂಯ್ ಎನ್ನಬೇಕು. ಮಗುವಿನ ಒಂದು ಕೈ ತಮ್ಮ ಮೂಗಿನ ಮೇಲೆ, ಇನ್ನೊಂದು ಅದರದೇ ಮೂಗಿನ ಮೇಲೆ. ದಿನ, ತಿಂಗಳು, ವರ್ಷ ಇದೇ ಕೆಲಸ. ಕೊನೆಗೆ ಒಂದು ಸಂಜೆ ಶಾಲೆಯ ಗೇಟಿನಲ್ಲಿ ಮಗಳು ಇವನ ಮುಖ ನೋಡಿ, ಎಣ್ಣೆ ಕಾಣದ ಬಾಗಿಲಿನ ದನಿಯಲ್ಲಿ, "ಅಪ್... ಪ" ಎಂದಳು.

ಅವನು ಗೇಟು ಹಿಡಿದುಕೊಂಡು ಅತ್ತ. ಮಾರನೆಯ ದಿನ ಬಸ್ಸು ಹತ್ತಿದವರಿಗೆಲ್ಲ ಅದೇ ಸುದ್ದಿ. "ನನ್ನ ಮಗಳು ಅಪ್ಪ ಅಂದ್ಲು." ಒಬ್ಬ ಪ್ರಯಾಣಿಕ, ಪಾಪ, ವಿಷಯ ಗೊತ್ತಿಲ್ಲದೆ, "ಎಲ್ಲರ ಮಗಳೂ ಅಂತಾಳೆ ಕಣಯ್ಯ, ಟಿಕೆಟ್ ಕೊಡು" ಎಂದ. ಇವನಿಗೆ ಸಿಟ್ಟೂ ಬರಲಿಲ್ಲ. ಅಂದಿನಿಂದ ದೊಡ್ಡ ಟೀಚರ್ ಹೇಳಿದ್ದೇ ಅವನಿಗೆ ವೇದವಾಕ್ಯ.

ದೊಡ್ಡ ಟೀಚರ್ ಹೇಳುತ್ತಿದ್ದದ್ದು ಶಾಲೆಯ ಪಡಸಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದೇ ಇತ್ತು. ಬೇರೆ ಶಾಲೆಗಳಲ್ಲಿ ಮಕ್ಕಳಿಗೆ ಕೈ ಕಟ್ಟು, ಬಾಯಿ ಮುಚ್ಚು ಎನ್ನುತ್ತಾರೆ. ಇಲ್ಲಿ: ಕೈ ಕಟ್ಟು, ಬಾಯಿ ಬಿಡು. ಕೈಸನ್ನೆ ಕೂಡದು, ಎರಡೂ ಕೈ ಎದೆಗೆ ಕಟ್ಟಿ ತುಟಿ ನೋಡಿ ತಿಳಿದುಕೊಳ್ಳಬೇಕು, ಬಾಯಿಂದಲೇ ಹೇಳಬೇಕು. "ಕೈಗೆ ಮಾತು ಹತ್ತಿದ್ರೆ ಬಾಯಿ ಸೋಮಾರಿ ಆಗುತ್ತೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನೋ ಗಾದೆ ಕೇಳಿಲ್ವಾ?" ಎಂದು ಅವರು ಅಪ್ಪ ಅಮ್ಮಂದಿರಿಗೆ ಹೇಳುತ್ತಿದ್ದರು. ಈ ನಿಯಮ ಮನೆಯಲ್ಲೂ ನಡೆಯಬೇಕು ಎಂದು ಮಾತು ತೆಗೆದುಕೊಂಡಿದ್ದರು. ಇವನು ಮಾತು ಕೊಟ್ಟಿದ್ದ. ಮಗಳ ಕೈ ಗಾಳಿಯಲ್ಲಿ ಎದ್ದರೆ ಸಾಕು, ಮೆಲ್ಲಗೆ ಹಿಡಿದುಕೊಂಡು "ಬಾಯಲ್ಲಿ ಮಗಾ, ಬಾಯಲ್ಲಿ" ಎನ್ನುತ್ತಿದ್ದ. ತನ್ನ ಕೈಯೂ ತಪ್ಪಿ ಆಡದಿರಲೆಂದು ಅವಳ ಜೊತೆ ಮಾತಾಡುವಾಗ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ನಿಷ್ಠೆ ಎಂದರೆ ಅಂಥ ನಿಷ್ಠೆ.

ಆದರೆ ಅವರ ಕಟ್ಟಡದ ಮೆಟ್ಟಿಲ ಕೆಳಗೆ ಇಸ್ತ್ರಿ ಅಕ್ಕ ಇದ್ದಳು. ಅಲ್ಲೇ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಮಾಡುತ್ತಿದ್ದವಳು. ಹುಟ್ಟಿನಿಂದ ಅವಳಿಗೂ ಕಿವಿ ಕೇಳದು, ಶಾಲೆಯ ಮುಖ ಕಂಡವಳಲ್ಲ. ತನ್ನಂಥವರ ಜೊತೆ ಕೈಮಾತಿನಲ್ಲೇ ಬೆಳೆದವಳು. ಗಿರಾಕಿಗಳು ನಡೆಯುವ ಠೀವಿಯನ್ನು ಎರಡು ಬೆರಳಲ್ಲಿ ಮೇಜಿನ ಮೇಲೆ ನಡೆಸಿ ತೋರಿಸುತ್ತಿದ್ದಳು. ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಕಂಡಕ್ಟರ್ ಅದನ್ನು ಕಂಡು ಮಗಳನ್ನು ಎತ್ತಿಕೊಂಡು ಬಂದ. "ಅವಳ ಹತ್ರ ಬಿಡಬೇಡ. ಅದು ಅಂಟುತ್ತೆ" ಎಂದು ಹೆಂಡತಿಗೆ ತಾಕೀತು ಮಾಡಿದ. ಹೆಂಡತಿ ತಲೆಯಾಡಿಸಿದಳು.

ಆಮೇಲಾಮೇಲೆ ಅವನ ಯೂನಿಫಾರ್ಮಿಗೆ ಎಂದೂ ಇಲ್ಲದ ಗರಿ ಬಂತು. ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು, ಹಾಗೆ. ದಿನಾ ಬಿಡದೆ ಇಸ್ತ್ರಿ. ಡ್ರೈವರ್ ಕೇಳಿದ, "ಏನಯ್ಯ, ಕರ್ಚೀಫಿಗೂ ಇಸ್ತ್ರಿನಾ? ಮದುವೆ ಗಂಡು ಆಗಿದ್ದೀಯಲ್ಲ." "ನನ್ನ ಹೆಂಡ್ತಿಗೆ ನನ್ನ ಮೇಲೆ ಅಷ್ಟು ಕಾಳಜಿ" ಎಂದು ಇವನು ಬೀಗಿದ.

ಮಗಳಿಗೆ ಒಂಬತ್ತು ತುಂಬಿದ ವರ್ಷ ಅವನ ಗಂಟಲು ಕೈ ಕೊಟ್ಟಿತು. ಮೊದಲು ದನಿ ಒಡೆಯಿತು, ಆಮೇಲೆ ಬರೀ ಗಾಳಿ. ಡಾಕ್ಟರು ಕೊಳವೆ ಇಳಿಸಿ ನೋಡಿ, "ಹೆದರೋದೇನಿಲ್ಲ, ಗಂಟಲಲ್ಲಿ ಸಣ್ಣ ಗಂಟು. ಬಾಯಿ ಜಾಸ್ತಿ ಇರೋರಿಗೆ ಬರುತ್ತೆ. ಕೊಯ್ದು ತೆಗೀತೀವಿ. ಆಮೇಲೆ ನಾನು ಹೇಳೋವರೆಗೂ ಪಿಸುಮಾತೂ ಇಲ್ಲ" ಎಂದರು. "ಊಟ ಬಿಡು ಅನ್ನಿ ಡಾಕ್ಟ್ರೇ, ಬಿಡ್ತೀನಿ" ಎಂದ ಅವನು, ಗಾಳಿಯಲ್ಲೇ.

ಬೀದಿಗೆಲ್ಲ ಗೊತ್ತಿತ್ತು ಅವನ ದನಿ ಹೋಗಿದೆ ಎಂದು. ಗೊತ್ತಾಗದೆ ಉಳಿದದ್ದು ಮಗಳಿಗೆ ಮಾತ್ರ. ಅವಳ ಪಾಲಿಗೆ ಅಪ್ಪನ ತುಟಿ ಮೊದಲು ಹೇಗೆ ಆಡುತ್ತಿತ್ತೋ ಹಾಗೇ ಆಡುತ್ತಿತ್ತು. ಆಪರೇಷನ್ನಿನ ಹಿಂದಿನ ಸಂಜೆ ಅವನು ಅವಳ ಎದುರು ಮಂಡಿಯೂರಿ, ಶಾಲೆಗೆ ಕೊಟ್ಟ ಮಾತಿನಂತೆ ಕೈ ಬೆನ್ನಿಗೆ ಕಟ್ಟಿಕೊಂಡು, ತುಟಿಗಳನ್ನು ಅಗಲಿಸಿ ಹೇಳಿದ: "ನಾಳೆ. ಅಪ್ಪಂಗೆ. ಆಸ್ಪತ್ರೆ. ಗಂಟಲು ಕೊಯ್ತಾರೆ. ಹೆದರಬೇಡ." ಮಗಳು ಅವನ ಬಾಯನ್ನೇ ನೋಡಿ ತಲೆಯಾಡಿಸಿದಳು. ತಲೆಯಾಡಿಸುವುದು ಅವಳಿಗೆ ಅಭ್ಯಾಸ. ಆಡಿಸಿದರೆ ದೊಡ್ಡವರು ಸಮಾಧಾನ ಆಗುತ್ತಾರೆ.

ಬೆಳಿಗ್ಗೆ ಅವಳು ಏಳುವ ಮೊದಲೇ ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ಪಕ್ಕದ ಮನೆಯಾಕೆ ಅವಳನ್ನು ಶಾಲೆಗೆ ಕಳಿಸಿ, ಸಂಜೆ ಶಾಲೆ ಬಿಟ್ಟ ಮೇಲೆ ಆಸ್ಪತ್ರೆಗೆ ಕರೆತಂದಳು. ವಾರ್ಡಿನ ಬಾಗಿಲಲ್ಲಿ ಹುಡುಗಿ ನಿಂತಳು. ಮುಖ ಊದಿತ್ತು. ಮಂಚದ ಮೇಲೆ ಕುತ್ತಿಗೆಗೆ ಟವೆಲ್ ಸುತ್ತಿಕೊಂಡ ಅಪ್ಪ, ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ನಿಂತ ಅಮ್ಮ. ಅಪ್ಪ ತೋಳು ಚಾಚಿದ. ಅವಳು ಅವನನ್ನು ದಾಟಿ ಓಡಿ ಅಮ್ಮನನ್ನು ಹಿಡಿದುಕೊಂಡಳು. ಅಮ್ಮನ ಗಂಟಲನ್ನು ಎರಡೂ ಕೈಯಿಂದ ಸವರಿದಳು. ಗದ್ದ ಎತ್ತಿ ಕೆಳಗೆ ನೋಡಿದಳು, ಕೂದಲು ಸರಿಸಿ ಹಿಂದೆ ನೋಡಿದಳು. ಆಮೇಲೆ ಅವಳ ಕೈಗಳು ಎದ್ದವು. ಕಟ್ಟೆ ಒಡೆದ ಹಾಗೆ ಎರಡೂ ಕೈಯಿಂದ ಏನೇನೋ ಹೇಳತೊಡಗಿದಳು.

ಕಂಡಕ್ಟರನಿಗೆ ಅದಕ್ಕಿಂತ ದೊಡ್ಡ ಆಶ್ಚರ್ಯ ಕಾದಿತ್ತು. ಹೆಂಡತಿ ಫ್ಲಾಸ್ಕ್ ಕೆಳಗಿಟ್ಟು ಕೈಯಲ್ಲೇ ಉತ್ತರ ಕೊಟ್ಟಳು. ತಡವರಿಸಲಿಲ್ಲ. ಅರಳು ಹುರಿದ ಹಾಗೆ ಅವಳ ಬೆರಳು ಆಡುತ್ತಿದ್ದವು. ಮಗಳು ಅಳುತ್ತಾ ಕೇಳಿದಳು, ತಾಯಿ ಹೇಳಿದಳು, ಮಗಳು ಮೂಗು ಒರೆಸಿಕೊಂಡಳು, ಇಬ್ಬರೂ ಇವನ ಕಡೆ ನೋಡಿ ನಕ್ಕರು. ಇವನಿಗೆ ಒಂದಕ್ಷರ ತಿಳಿಯಲಿಲ್ಲ. ಬಾಯಿ ಬಿಡುವಂತಿಲ್ಲ, ಕೈಗೆ ಮಾತು ಬಾರದು. ಸ್ವಂತ ಹೆಂಡತಿ ಮಗಳ ನಡುವೆ ಅವನು ಹೊರಗಿನವನಂತೆ ಬಿದ್ದುಕೊಂಡಿದ್ದ. ಮಗಳು ಒಂಬತ್ತು ವರ್ಷ ಹೀಗೇ ಇದ್ದಳಲ್ಲ ಎಂದು ಅವನಿಗೆ ಹೊಳೆಯಿತು. ಆಸ್ಪತ್ರೆಯವರು ಕೊಟ್ಟಿದ್ದ ಸ್ಲೇಟಿನ ಮೇಲೆ "ಏನಂತೆ?" ಎಂದು ಗೀಚಿ ತೋರಿಸಿದ.

"ನಿನ್ನೆ ನೀವು ಅಪ್ಪಂಗೆ ಅಂದಿದ್ದು ಅವಳಿಗೆ ಅಮ್ಮಂಗೆ ಅಂತ ಕಂಡಿದೆ ರೀ. ನನ್ನ ಗಂಟಲು ಕೊಯ್ತಾರೆ ಅಂದ್ಕೊಂಡಿದ್ದಾಳೆ. ನೀವಿದ್ರಿ ಅಂತ ರಾತ್ರಿ ನನ್ನ ಕೇಳೋಕೂ ಕೈ ಎತ್ತಿಲ್ಲ. ಶಾಲೇಲಿ ಟೀಚರೂ ಬಾಯಲ್ಲೇ ಅದನ್ನೇ ಹೇಳಿದ್ರಂತೆ. ಯಾರಿಗೆ ಅಂತ ಕೇಳೋಕೆ ಕೈ ಎತ್ತಿದ್ಲಂತೆ, ಕೈ ಕಟ್ಟು ಅಂದ್ರಂತೆ. ಹಗಲೆಲ್ಲ ಕೈ ಕಟ್ಕೊಂಡು ಅತ್ತಿದ್ದಾಳೆ."

ಅವನು ಫ್ಲಾಸ್ಕಿನ ಹೊಳೆಯುವ ಮುಚ್ಚಳ ತೆಗೆದು ಅದರಲ್ಲಿ ತನ್ನ ಬಾಯಿ ನೋಡಿಕೊಂಡ. ದನಿ ಇಲ್ಲದೆ ತುಟಿ ಆಡಿಸಿದ. ಅಪ್ಪ. ಅಮ್ಮ. ಅಪ್ಪ. ಅಮ್ಮ. ತುಟಿ ಎರಡಕ್ಕೂ ಒಂದೇ ರೀತಿ ಮುಚ್ಚಿತು, ಒಂದೇ ರೀತಿ ತೆರೆಯಿತು. ವರ್ಷಗಟ್ಟಲೆ ಕಾಗದದ ಪಟ್ಟಿ ಹಿಡಿದು ಕಲಿಸಿದ ವ್ಯತ್ಯಾಸ ಆಡುವ ಬಾಯೊಳಗಿತ್ತೇ ಹೊರತು ನೋಡುವ ಕಣ್ಣಿಗೆ ಇರಲೇ ಇಲ್ಲ. ಆಮೇಲೆ ಸ್ಲೇಟು ಒರೆಸಿ, "ನೀನು ಇದನ್ನ ಎಲ್ಲಿ ಕಲಿತೆ?" ಎಂದು ಬರೆದ.

ಹೆಂಡತಿ ಮುಖ ತಗ್ಗಿಸಿದಳು. "ಕರ್ಚೀಫಿಗೆ ಯಾರಾದ್ರೂ ದಿನಾ ಇಸ್ತ್ರಿ ಮಾಡಿಸ್ತಾರೇನ್ರೀ?"

ಮೌನದ ಆ ವಾರಗಳು ಅವನಿಗೆ ಸಜೆಯಾಗಬೇಕಿತ್ತು, ಹಬ್ಬವಾದವು. ತಾನೇ ಮೆಟ್ಟಿಲಿಳಿದು ಇಸ್ತ್ರಿ ಅಕ್ಕನ ಎದುರು ಕೈ ಮುಗಿದು ನಿಂತ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಅವನು ಮಗಳನ್ನು ಎತ್ತಿಕೊಂಡು ಓಡಿದ್ದನ್ನು ಎರಡು ಬೆರಳಲ್ಲಿ ಮೇಜಿನ ಮೇಲೆ ಓಡಿಸಿ ತೋರಿಸಿದಳು. ಆಮೇಲೆ ನಕ್ಕು ಸ್ಟೂಲು ತಳ್ಳಿದಳು. ಮೂಗಿನ ಕೆಳಗೆ ಬೆರಳೆಳೆದರೆ ಅಪ್ಪ, ಕೆನ್ನೆಗೆ ಅಂಗೈ ಇಟ್ಟರೆ ಅಮ್ಮ. ಎರಡನ್ನೂ ಬೀದಿಯ ಆಚೆ ತುದಿಯಿಂದ ನೋಡಿದರೂ ಬೇರೆ ಬೇರೆ. ವಾಚಾಳಿಗೆ ಕೈಯಾದರೇನು ಬಾಯಾದರೇನು. ಬೇಗನೆ ಕೈಗೂ ಬಾಯಿ ಬಂತು. ಮಗಳ ಹೊಟ್ಟೆಯಲ್ಲಿ ವರ್ಷಗಳಿಂದ ಕೂಡಿಬಿದ್ದ ಪ್ರಶ್ನೆಗಳಿದ್ದವು. ಬಸ್ಸು ಎಲ್ಲಿ ಮಲಗುತ್ತದೆ? ಡ್ರೈವರ್ ಮಾಮ ಹಿಂದೆ ತಿರುಗಿ ನೋಡುವುದೇ ಇಲ್ಲ, ನಿನ್ನ ಮೇಲೆ ಕೋಪವೇ? ನಾನು ಕೈ ಆಡಿಸಿದರೆ ನೀನು ಯಾಕೆ ಹಿಡಿಯುತ್ತಿದ್ದೆ? ಮಗಳು ಇಷ್ಟು ಮಾತುಗಾತಿ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಥೇಟ್ ಅಪ್ಪನೇ.

ಆ ಮಾತುಗಾರಿಕೆಯೇ ಮುಳುವಾಯಿತು. ಶಾಲೆಯ ಆಟದ ಬಯಲಿನಲ್ಲಿ ಅವಳು ಉಳಿದ ಮಕ್ಕಳಿಗೂ ಕೈಮಾತು ಹಂಚಿದಳು. ಒಂದು ದಿನ ದೊಡ್ಡ ಟೀಚರ್ ಕಿಟಕಿಯಿಂದ ನೋಡಿದರೆ ಬಯಲಿಗೆ ಬಯಲೇ ಕೈ ಆಡಿಸುತ್ತಿತ್ತು. ಗೇಟಿನಲ್ಲಿ ತಾಯಿಯನ್ನು ಕರೆದು, "ಶನಿವಾರ ಪೋಷಕರ ಸಭೆಗೆ ಇಬ್ಬರೂ ಬನ್ನಿ. ಕೈ ನಿಲ್ಲಿಸ್ತೀವಿ ಅಂತ ಎಲ್ಲರ ಮುಂದೆ ಹೇಳಿ. ಆಗಲ್ಲ ಅಂದ್ರೆ ಮಗೂನ ಬಿಡಿಸ್ಕೊಂಡು ಹೋಗಿ" ಎಂದರು. ಬೇರೆ ಶಾಲೆ ಇಲ್ಲ. ಬಿಡಿಸಿದರೆ ಓದು ಅಲ್ಲಿಗೇ ಮುಗಿಯಿತು.

ಕಂಡಕ್ಟರ್ ಕುಗ್ಗಿಹೋದ. ಉಂಡ ಮನೆಗೆ ಎರಡು ಬಗೆಯುವುದೇ? ಅಪ್ಪ ಅನ್ನೋ ಮಾತು ಕೊಟ್ಟೋರು ಅವರು, ಎಂದು ಕೈಯಲ್ಲೇ ಹೇಳಿದ.

"ಕೊಟ್ರು. ಇಲ್ಲ ಅಂದೋರ್ಯಾರು? ಸಾಯೋವರೆಗೂ ಅದಕ್ಕೆ ಕೈ ಮುಗಿಯೋಣ" ಎಂದಳು ಹೆಂಡತಿ. "ಆದ್ರೆ ಕೈ ಮುಗಿಯೋಕೂ ಮೊದಲು ಕಟ್ಟಿದ ಕೈ ಬಿಚ್ಚಬೇಕಲ್ಲ ರೀ."

ಶನಿವಾರ ಸಭೆಯಲ್ಲಿ ಅಪ್ಪ ಅಮ್ಮಂದಿರೆಲ್ಲ ಮಕ್ಕಳ ಸಣ್ಣ ಬೆಂಚುಗಳ ಮೇಲೆ ಮಂಡಿ ಮಡಚಿ ಕೂತಿದ್ದರು. ಮಗಳು ಗೋಡೆಯ ಪಕ್ಕ ಕೈ ಕಟ್ಟಿ ನಿಂತಿದ್ದಳು. ಕಂಡಕ್ಟರನ ಹೆಸರು ಕರೆದಾಗ ಅವನು ಎದ್ದ. ಗಂಟಲು ಮುಟ್ಟಿ ತೋರಿಸಿದ. ಆಮೇಲೆ ಎರಡೂ ಕೈ ಎತ್ತಿ, ಆ ನೀಲಿ ಅಕ್ಷರಗಳ ಕೆಳಗೇ, ಮಾತಾಡತೊಡಗಿದ. ಕೋಣೆಯಲ್ಲಿ ಗುಸುಗುಸು ಎದ್ದಿತು. ಹೆಂಡತಿ ಪಕ್ಕದಲ್ಲಿ ನಿಂತು ಅವನ ಕೈ ಹೇಳಿದ್ದನ್ನು ಬಾಯಿಂದ ಹೇಳತೊಡಗಿದಳು.

"ಟೀಚರ್, ನಮ್ಮ ಮನೆಯವರು ಹೇಳ್ತಿದ್ದಾರೆ... ಮಗಳ ಬಾಯಲ್ಲಿ ಅಪ್ಪ ಅಂತ ಕೇಳಿಸಿದ್ದು ನೀವು. ನಿಮಗೆ ಕೈ ಮುಗಿದು ಮಾತು ಶುರು ಮಾಡ್ತೀನಿ ಅಂತಿದ್ದಾರೆ." ಅವನು ಕೈ ಮುಗಿದ. ಆಸ್ಪತ್ರೆಯ ದಿನದ ಕಥೆಯನ್ನು ಅವನ ಕೈ ಹೇಳಿತು, ಅವಳ ಬಾಯಿ ಹೇಳಿತು. ಅಪ್ಪ, ಅಮ್ಮ ಎರಡೂ ತುಟಿಗೆ ಒಂದೇ ಎಂಬಲ್ಲಿಗೆ ಬಂದಾಗ ಬೆಂಚುಗಳ ಮೇಲಿದ್ದವರೆಲ್ಲ ಒಬ್ಬರ ಬಾಯಿ ಒಬ್ಬರು ನೋಡುತ್ತಾ ಅಪ್ಪ, ಅಮ್ಮ ಎಂದುಕೊಳ್ಳತೊಡಗಿದರು.

ದೊಡ್ಡ ಟೀಚರ್ ವಿಚಲಿತರಾಗಲಿಲ್ಲ. "ಅದು ನನಗೆ ಗೊತ್ತಿಲ್ವೇನಮ್ಮ? ಮಾತಿನ ಹಿಂದುಮುಂದು ನೋಡಿ ತಿಳ್ಕೋಬೇಕು ಅಂತಾನೇ ಕಲಿಸ್ತೀವಿ. ನಾಳೆ ಅಂಗಡೀಲಿ, ಆಫೀಸಲ್ಲಿ ಇವಳ ಕೈ ಯಾರು ನೋಡ್ತಾರೆ? ಕೈಮಾತು ಆಡೋರು ಅವರವರಲ್ಲೇ ಉಳಿದುಬಿಡ್ತಾರೆ. ಈ ಮಕ್ಕಳು ಎಲ್ಲರ ಜೊತೆ ಬದುಕಲಿ ಅಂತ ನಾನು ಇಷ್ಟು ವರ್ಷ ತೇದಿರೋದು." ಅವರ ದನಿಯಲ್ಲಿ ಅಹಂಕಾರ ಇರಲಿಲ್ಲ, ದಣಿವಿತ್ತು. ಮಾತಿನಲ್ಲಿ ನಿಜವೂ ಇತ್ತು.

ಕಂಡಕ್ಟರನ ಕೈ ಉತ್ತರಕ್ಕೆ ಎದ್ದು ಅಲ್ಲೇ ನಿಂತಿತು. ಆದರೆ ಮಾತು ನಿಲ್ಲಲಿಲ್ಲ. ಹೆಂಡತಿ ತಾನಾಗಿಯೇ ಮುಂದುವರಿಸಿದ್ದಳು.

"ಎಲ್ಲರ ಜೊತೆ ಬದುಕಲಿ ಟೀಚರ್. ಅದಕ್ಕೆ ಮುಂಚೆ ಅಪ್ಪ ಅಮ್ಮನ ಜೊತೆ ಬದುಕಲಿ. ಹಿಂದುಮುಂದು ನೋಡು ಅಂತೀರಿ, ಅವತ್ತು ಅವಳು ಹಿಂದುಮುಂದು ಕೇಳೋಕೇ ಕೈ ಎತ್ತಿದ್ದು. ನಮ್ಮಂಥವರಿಗೆ ಬಾಯಿ ಮುಚ್ಚು ಅಂದ್ರೆ ಹೇಗೋ, ಈ ಮಕ್ಕಳಿಗೆ ಕೈ ಕಟ್ಟು ಅಂದ್ರೆ ಹಾಗೆ. ಬಾಯಿ ಮುಚ್ಚಿಸಿ ಮಾತು ಕಲಿಸೋಕಾಗುತ್ತಾ? ಕೈಗೆ ಬಂದದ್ದು ಬಾಯಿಗೆ ಬರಲ್ಲ ಅಂತೀರಿ. ಕೈ ಕೆಸರಾದ್ರೆ ತಾನೇ ಬಾಯಿ ಮೊಸರು? ನೀವು ಬಾಯಿ ಕಲಿಸಿ, ನಮಗೆ ಅದೂ ಬೇಕು. ಮಗೂನ ಕೈ ಬಿಡಬೇಡಿ ಟೀಚರ್. ಆದ್ರೆ ಮಗುವಿನ ಕೈ ಬಿಡಿ."

ಕಂಡಕ್ಟರ್ ಹೆಂಡತಿಯನ್ನೇ ನೋಡುತ್ತಿದ್ದ. ಇಷ್ಟು ವರ್ಷ ಇದು ಎಲ್ಲಿತ್ತು? ತಾನು ಸಂದು ಕೊಟ್ಟಿದ್ದರೆ ಎಂದೋ ಕೇಳಿಸುತ್ತಿತ್ತು ಎಂಬುದು ಅವನಿಗೂ ಗೊತ್ತಿತ್ತು.

ದೊಡ್ಡ ಟೀಚರ್ ಎದ್ದು ಹುಡುಗಿಯ ಮುಂದೆ ಹೋಗಿ ಕೂತರು. ತುಟಿ ಬಿಡಿಸಿ, "ಅವತ್ತು ಏನು ಕೇಳಬೇಕು ಅಂತಿದ್ದೆ?" ಎಂದರು. ಹುಡುಗಿ ಅವರ ಬಾಯಿ ನೋಡಿದಳು, ಗೋಡೆಯ ಅಕ್ಷರ ನೋಡಿದಳು, ಕಟ್ಟಿದ ಕೈಯನ್ನು ಇನ್ನೂ ಬಿಗಿದಳು. ಬಾಯಿ ತೆರೆಯಿತು, ಪದ ಬರಲಿಲ್ಲ. ಟೀಚರ್ ಕಾದರು, ಕಾಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೊನೆಗೆ ಅವರೇ ತಮ್ಮ ಕೈಯಿಂದ ಆ ಎರಡು ಪುಟ್ಟ ಕೈಗಳ ಗಂಟು ಬಿಡಿಸಿದರು. ಹುಡುಗಿ ಮೂಗಿನ ಕೆಳಗೆ ಬೆರಳೆಳೆದಳು. ಕೆನ್ನೆಗೆ ಅಂಗೈ ಇಟ್ಟಳು. ಆಮೇಲೆ ಎರಡೂ ಅಂಗೈ ಮೇಲೆ ಮಾಡಿ ಹಿಡಿದಳು. ಅಪ್ಪನಿಗೋ, ಅಮ್ಮನಿಗೋ?

ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದೊಡ್ಡ ಟೀಚರ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಪಾಠದ ಹೊತ್ತಲ್ಲಿ ಬಾಯಿ. ಅದನ್ನ ನಾನು ಬಿಡೋಳಲ್ಲ" ಎಂದರು ಕೊನೆಗೆ. "ಹೊರಗಿನ ಬಯಲು ನನ್ನ ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣಲ್ಲ. ಮಗು ಸೋಮವಾರ ಬರಲಿ."

ಮನೆಗೆ ಬರುವ ದಾರಿಯಲ್ಲಿ ಕಂಡಕ್ಟರ್ ಹೆಂಡತಿಗೆ ಒಂದು ವಿಷಯ ಹೇಳಬೇಕೆಂದಿದ್ದ. ಬಾಯಲ್ಲಿ ಹೆಂಡತಿಗೆ ಧನ್ಯವಾದ ಎಂದರೆ ಸಭೆಯಲ್ಲಿ ವಂದನಾರ್ಪಣೆ ಮಾಡಿದಂತಾಗುತ್ತದೆ. ಯಾವ ಗಂಡನೂ ಹೇಳುವುದಿಲ್ಲ. ಕೈಗೆ ಆ ಸಂಕೋಚ ಇರಲಿಲ್ಲ. ಬೀದಿಯ ಮಧ್ಯೆ ನಿಂತು, ಗದ್ದದಿಂದ ಅಂಗೈ ತೆಗೆದು ಅವಳ ಕಡೆ ಚಾಚಿದ. ಅವಳು "ನಡೀರಿ, ಜನ ನೋಡ್ತಾರೆ" ಎಂದಳು. ಕಣ್ಣು ತುಂಬಿತ್ತು.

ದನಿ ಮರಳಿತು. ಡ್ರೈವರ್ "ಅಯ್ಯೋ, ರಿಪೇರಿ ಆಗೇಬಿಡ್ತಾ" ಎಂದು ಹಣೆ ಚಚ್ಚಿಕೊಂಡ. ಆದರೂ ರೇಡಿಯೋ ಈಗ ನಡುನಡುವೆ ನಿಲ್ಲುತ್ತದೆ, ಬೇರೆಯವರು ಹೇಳುವುದನ್ನೂ ಕೇಳುತ್ತದೆ. ಬೆಳಿಗ್ಗೆ ಮಗಳು ಮುಂದಿನ ಸೀಟಿನಲ್ಲಿ, ಇವನು ಹಿಂದಿನ ಬಾಗಿಲಲ್ಲಿ. ನಡುವೆ ನಿಂತ ಜನರ ತಲೆಯ ಮೇಲಿಂದ ಅಪ್ಪ ಮಗಳ ಹರಟೆ ಸಾಗುತ್ತದೆ. ಆ ಗದ್ದಲದಲ್ಲಿ ಬಾಯಿಮಾತಾಗಿದ್ದರೆ ಎರಡನೇ ಸೀಟಿಗೂ ಮುಟ್ಟುತ್ತಿರಲಿಲ್ಲ.

ಮೊನ್ನೆ ಬಸ್ಸು ಅವರ ಬೀದಿಯ ತಿರುವಿನಲ್ಲಿ ನಿಧಾನವಾದಾಗ ಮೆಟ್ಟಿಲ ಕೆಳಗಿನ ಇಸ್ತ್ರಿ ಮೇಜು ಕಂಡಿತು. ಅದರ ಮುಂದೆ ನೆಟ್ಟಗಿನ ಬೆನ್ನು, ದಪ್ಪ ಕನ್ನಡಕ. ದೊಡ್ಡ ಟೀಚರ್. ಇಸ್ತ್ರಿ ಅಕ್ಕ ಸ್ಟೂಲು ತಳ್ಳುತ್ತಿದ್ದಳು. ಟೀಚರ್ ಇಸ್ತ್ರಿಗೆಂದು ತಂದದ್ದು ಮೇಜಿನ ಮೇಲೆ ಮಡಿಸಿಟ್ಟಿತ್ತು. ಒಂದೇ ಒಂದು ಕರ್ಚೀಫು.

ಕಂಡಕ್ಟರನಿಗೆ ಇಡೀ ಬಸ್ಸಿಗೆ ಕೂಗಿ ಹೇಳಬೇಕೆನ್ನಿಸಿತು. ಕೂಗಲಿಲ್ಲ. ಮುಂದಿನ ಸೀಟಿನ ಕಡೆ ನೋಡಿದರೆ ಮಗಳು ಆಗಲೇ ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದಳು. ಅವಳು ತಿರುಗುವವರೆಗೂ ಅವನು ಕೈ ಎತ್ತಿಕೊಂಡೇ ನಿಂತಿದ್ದ.